ಮಗಳಿಗೊಂದು ಪತ್ರ: ಕೆಳಗಿನ ಬರ್ತೇ ತಗೋ

ಪ್ರೀತಿಯ ಪುಟ್ಟಿ,

ವಿಯೆಟ್ನಾಂಗೆ ಒಬ್ಬಳೇ ಹೋಗುತ್ತೇನೆ ಅಂತ ನೀನು ಹೇಳಿದಾಗಿನಿಂದ ಮನೆಯಲ್ಲಿ ಎಲ್ಲರೂ ನಿನಗೆ ಬುದ್ಧಿ ಹೇಳುವವರೇ. ಗುರುತಿಲ್ಲದವರು ಕೊಟ್ಟದ್ದು ತಿನ್ನಬೇಡ, ಯಾರ ಜೊತೆಯೂ ಜಾಸ್ತಿ ಮಾತು ಬೇಡ ಅಂತ ಅಜ್ಜಿ ನಿನ್ನೆಯೂ ಹೇಳಿದರು. ಅವರ ಭಯ ಸುಳ್ಳಲ್ಲ. ಆದರೆ ನಾನೂ ಅಪ್ಪನೂ ಉಜ್ಬೇಕಿಸ್ತಾನದಲ್ಲಿ ಕಂಡದ್ದನ್ನೂ ಕೇಳಿಕೊಂಡು ಹೋಗು. ಸಮರ್‌ಕಂದ್‌ನ ರೆಗಿಸ್ತಾನ್ ಚೌಕದ ಮದರಸಾಗಳ ಫೋಟೋ ಎಲ್ಲ ನೋಡಿದ್ದೀಯ, ಅಲ್ಲಿ ಸಿಕ್ಕ ಜನರ ವಿಷಯ ಮಾತ್ರ ಫೋನಲ್ಲಿ ಅರ್ಧಂಬರ್ಧ ಹೇಳಿದ್ದೆ.

ತಾಷ್ಕೆಂಟ್‌ನಿಂದ ಸಮರ್‌ಕಂದ್‌ಗೆ ಅಫ್ರಾಸಿಯಾಬ್ ಅನ್ನುವ ವೇಗದ ರೈಲಿದೆ. ಸುಮಾರು 340 ಕಿಲೋಮೀಟರ್ ದಾರಿಯನ್ನು ಎರಡು ಗಂಟೆ ಚಿಲ್ಲರೆಯಲ್ಲಿ ಮುಗಿಸಿಬಿಡುತ್ತದೆ. ಚೆನ್ನಾಗಿತ್ತು, ಆದರೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ವಾಪಸ್ ಬರುವಾಗ ಖೀವಾ ಅನ್ನುವ ಊರಿನಿಂದ ರಾತ್ರಿ ರೈಲು ಹತ್ತಿದೆವು. ಅದರಲ್ಲಿ ಪ್ಲಾಟ್ಸ್‌ಕಾರ್ಟ್ ಅನ್ನುವ ಬೋಗಿ ಇರುತ್ತದೆ, ಹೆಚ್ಚುಕಡಿಮೆ ನಮ್ಮ ಸ್ಲೀಪರ್ ಥರವೇ, ಬಾಗಿಲಿಲ್ಲ, ಪರದೆಯಿಲ್ಲ, ದಾರಿಯ ಆಚೆ ಬದಿಗೆ ಸೈಡ್ ಬರ್ತುಗಳು, ಬೋಗಿಯ ತುದಿಯಲ್ಲಿ ಸದಾ ಬಿಸಿನೀರು ಸಿಗುವ ದೊಡ್ಡ ಬಾಯ್ಲರ್. ನಮ್ಮ ಎದುರು ಬರ್ತಿನಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು, ಜೊತೆಗೆ ಸೊಸೆ, ಮೊಮ್ಮಗ.

ರೈಲು ಹೊರಟು ಸ್ವಲ್ಪ ಹೊತ್ತಿಗೇ ಆಕೆ ನಡುವಿನ ಪುಟ್ಟ ಮೇಜಿನ ಮೇಲೆ ಬಟ್ಟೆ ಹಾಸಿದರು. ದುಂಡನೆಯ ದಪ್ಪ ರೊಟ್ಟಿ ತೆಗೆದರು, ನಡುವೆ ಹೂವಿನ ಅಚ್ಚು ಒತ್ತಿದ್ದು. ಅದನ್ನು ಚಾಕುವಿನಲ್ಲಿ ಕತ್ತರಿಸಲಿಲ್ಲ, ಕೈಯಲ್ಲೇ ಮುರಿದು ಮೊದಲ ತುಂಡು ನನ್ನ ಮುಂದಿಟ್ಟರು. ಮೊಮ್ಮಗ ಒಂದು ತುಂಡನ್ನು ಬೋರಲು ಇಟ್ಟ, ಅಜ್ಜಿ ಮಾತಾಡುತ್ತಲೇ ಅದನ್ನು ಮೇಲ್ಮುಖ ಮಾಡಿಟ್ಟರು. ರೊಟ್ಟಿಗೆ ಅಲ್ಲಿ ಅಷ್ಟು ಮರ್ಯಾದೆ. ಆಮೇಲೆ ಹಸಿರು ಟೀ. ಹಿಡಿಯಿಲ್ಲದ ಬಟ್ಟಲಿಗೆ ಬಗ್ಗಿಸಿ, ಮತ್ತೆ ಕೆಟಲ್‌ಗೇ ಸುರಿದು, ಹೀಗೆ ಮೂರು ಸಲ ಮಾಡಿದ ಮೇಲೆ ಕುಡಿಯಲು ಕೊಟ್ಟರು. ಅದೂ ಅರ್ಧ ಬಟ್ಟಲು ಮಾತ್ರ. ಇಷ್ಟೇನಾ ಅಂದುಕೊಳ್ಳಬೇಡ, ಅರ್ಧ ಕೊಟ್ಟರೆ ಬಿಸಿಬಿಸಿಯಾಗಿ ಮತ್ತೆ ಮತ್ತೆ ಕೊಡಬಹುದಲ್ಲ, ಅತಿಥಿಗೆ ಮರ್ಯಾದೆ ಕೊಡುವ ರೀತಿ ಅದು. ಮಾಂಸ ತಿನ್ನುವುದಿಲ್ಲ ಅಂತ ಅಪ್ಪ ಕೈಸನ್ನೆ ಮಾಡಿದರು. ಸೊಸೆ ನಕ್ಕು ಟೊಮ್ಯಾಟೊ, ಸೌತೆಕಾಯಿ, ಒಣ ಏಪ್ರಿಕಾಟ್ ನಮ್ಮ ಕಡೆಗೆ ಸರಿಸಿದಳು. ನಾನು ಚಕ್ಕುಲಿ ಡಬ್ಬಿ ಬಿಚ್ಚಿದೆ. ಆ ಹುಡುಗ ಒಂದನ್ನು ಬೆರಳಿಗೆ ಸಿಕ್ಕಿಸಿಕೊಂಡು ಬೋಗಿಯೆಲ್ಲ ತಿರುಗಿ ಬಂದ, ಅವನ ಹಿಂದೆ ಇನ್ನೂ ಮೂರು ಮಕ್ಕಳು!

ಆಕೆಗೆ ನಮ್ಮ ಭಾಷೆ ಬಾರದು, ನನಗೆ ಅವರದು ಬಾರದು. ಮೊಬೈಲ್ ಅನುವಾದ ಒಂದಿಷ್ಟು ಹೊತ್ತು ನಡೆಯಿತು, ನೆಟ್‌ವರ್ಕ್ ಹೋದ ಮೇಲೆ ಸುಮ್ನೆ ಫೋಟೋ ತೋರಿಸಿಕೊಂಡೆವು. ನಿನ್ನ ಫೋಟೋ ನೋಡಿ, ಬೆರಳಿನ ಉಂಗುರ ಮುಟ್ಟಿ ತೋರಿಸಿ, ಮದುವೆ ಆಗಿದೆಯಾ ಅಂತ ಅವರೂ ಕೇಳಿದರು! ಹಿಂದಿ ಸಿನಿಮಾ ಅಂದರೆ ಅಲ್ಲಿ ಇವತ್ತಿಗೂ ಪ್ರೀತಿ. ಸೋವಿಯತ್ ಕಾಲದಲ್ಲಿ ಚಿತ್ರಮಂದಿರಗಳಿಗೆ ಬಂದ ಸಿನಿಮಾಗಳಿಂದ ರಾಜ್ ಕಪೂರ್, ಮಿಥುನ್ ಚಕ್ರವರ್ತಿ ಆ ತಲೆಮಾರಿನವರಿಗೆ ಮನೆಯವರ ಹಾಗೆ. ತಾಷ್ಕೆಂಟ್‌ನಲ್ಲಿ ಒಬ್ಬ ವಯಸ್ಸಾದ ಟ್ಯಾಕ್ಸಿ ಚಾಲಕರು ನಾವು ಭಾರತದವರು ಅಂತ ಗೊತ್ತಾದ ಕೂಡಲೇ "ಶಾಸ್ತ್ರಿ" ಅಂದರು. ಲಾಲ್ ಬಹಾದುರ್ ಶಾಸ್ತ್ರಿಯವರು 1966ರ ಜನವರಿಯಲ್ಲಿ ಪಾಕಿಸ್ತಾನದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ಮಾರನೆಯ ದಿನವೇ ತೀರಿಕೊಂಡ ಊರು ಅದು. ಅವರ ಹೆಸರಿನ ರಸ್ತೆಯಿದೆ, ಪ್ರತಿಮೆಯೂ ಇದೆ. ಆ ಚಾಲಕರು ನಾವು ಕೇಳದೆಯೇ ಗಾಡಿಯನ್ನು ಅಲ್ಲಿಗೆ ತಿರುಗಿಸಿ, ಪ್ರತಿಮೆಯ ಮುಂದೆ ನಮ್ಮ ಜೊತೆ ನಿಂತು, ಮೀಟರಿಗಿಂತ ಒಂದು ಸೋಮ್ (ಅಲ್ಲಿನ ಹಣ) ಕೂಡ ಜಾಸ್ತಿ ತೆಗೆದುಕೊಳ್ಳಲಿಲ್ಲ. ಬಲಗೈಯನ್ನು ಎದೆಯ ಮೇಲಿಟ್ಟು ತಲೆ ಬಗ್ಗಿಸಿ ಹೊರಟುಹೋದರು.

ಇದನ್ನೆಲ್ಲ ಓದಿ ಎಲ್ಲರನ್ನೂ ನಂಬು ಅಂತ ಅಮ್ಮ ಹೇಳುತ್ತಿದ್ದಾಳೆ ಅಂದುಕೊಳ್ಳಬೇಡ. ಸ್ಟೇಷನ್ ಹೊರಗೆ ಟ್ಯಾಕ್ಸಿ ಟ್ಯಾಕ್ಸಿ ಅಂತ ಮೈಮೇಲೆ ಬಂದು ಬ್ಯಾಗಿಗೆ ಕೈಹಾಕುವವರು ಅಲ್ಲೂ ಇದ್ದರು. ನಾನು ನೋಡಿದ ಮಟ್ಟಿಗೆ, ಒಳ್ಳೆಯ ಮನಸ್ಸಿನಿಂದ ಬರುವವರಿಗೆ ಅವಸರ ಇರುವುದಿಲ್ಲ. ಬೇಡ ಅಂದರೆ ಮುಖ ಸಪ್ಪಗೆ ಮಾಡಿಕೊಳ್ಳುವುದಿಲ್ಲ. ನಾಲ್ಕು ಜನರ ಎದುರೇ ಮಾತಾಡಿಸುತ್ತಾರೆ, ಬೇರೆ ಕಡೆಗೆ ಕರೆಯುವುದಿಲ್ಲ. ತಿನ್ನುವ ವಿಷಯದಲ್ಲಿ ಅಜ್ಜಿಯ ಮಾತನ್ನು ಪೂರ್ತಿ ತಳ್ಳಿಹಾಕಬೇಡ: ಅವರೂ ಅದೇ ತಟ್ಟೆಯಿಂದ ತಿನ್ನುತ್ತಿದ್ದರೆ ಮಾತ್ರ ತಿನ್ನು. ಒಬ್ಬಳೇ ಇರುವಾಗ ರಾತ್ರಿ ಹೊತ್ತು ಯಾರದೇ ಮನೆಗೆ ಹೋಗುವುದು ಬೇಡ, ಅವರು ಎಷ್ಟು ಒಳ್ಳೆಯವರಾಗಿದ್ದರೂ ಸರಿ. ಮತ್ತೆ ಇನ್ನೊಂದು, ಎಲ್ಲವನ್ನೂ ಆಪ್‌ನಲ್ಲೇ ಮುಗಿಸಿಕೊಳ್ಳಬೇಡ. ದಾರಿ ಗೊತ್ತಿಲ್ಲದಿದ್ದರೆ ಕೇಳು. ಬುಖಾರಾದ ಓಣಿಗಳಲ್ಲಿ ಮ್ಯಾಪ್ ಕೈಕೊಟ್ಟಾಗ ಒಬ್ಬ ಶಾಲೆಯ ಹುಡುಗನನ್ನು ಕೇಳಿದ್ದಕ್ಕೇ ಅವನು ಗೆಸ್ಟ್‌ಹೌಸ್ ಬಾಗಿಲವರೆಗೆ ಬಂದ, ದಾರಿಯುದ್ದಕ್ಕೂ ಇಂಗ್ಲಿಷ್ ಅಭ್ಯಾಸ ಮಾಡಿಕೊಂಡು. ಕೇಳದೇ ಇದ್ದಿದ್ದರೆ ಅವನು ತನ್ನ ಪಾಡಿಗೆ ಹೋಗುತ್ತಿದ್ದ, ಅಲ್ವಾ?

ಹನೋಯಿಯಿಂದ ದಾ ನಾಂಗ್‌ಗೆ ರೈಲಲ್ಲೇ ಹೋಗುತ್ತೇನೆ ಅಂದಿದ್ದೀಯ, ಒಳ್ಳೆಯದು. ಆರು ಬರ್ತಿನ ಬೋಗಿ ಸಿಕ್ಕರೆ ಕೆಳಗಿನ ಬರ್ತೇ ತಗೋ, ಮೇಲಿನವರೆಲ್ಲ ಹಗಲು ಅಲ್ಲೇ ಬಂದು ಕೂರುತ್ತಾರೆ. ಚಕ್ಕುಲಿ ಎರಡು ಡಬ್ಬಿ ಮಾಡಿಡುತ್ತೇನೆ, ಬ್ಯಾಗಿನಲ್ಲಿ ಜಾಗ ಇಲ್ಲ ಅನ್ನಬೇಡ. ಟಿಕೆಟ್ ಆದ ಮೇಲೆ ಬೋಗಿ, ಬರ್ತ್ ನಂಬರ್ ಅಪ್ಪನಿಗೆ ಕಳಿಸು.

ನಿನ್ನ ಅಮ್ಮ