ಶನಿವಾರದ ಸ್ವಾತಂತ್ರ್ಯೋತ್ಸವ: ಯಹೂದಿ ಆರಾಧನೆಯಲ್ಲಿ ದೇಶದ ಹಾಡು

ಮಾನ್ಯರೇ,

2026ರ ಆಗಸ್ಟ್ 15 ಶನಿವಾರ ಬಿದ್ದಿದೆ, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್. ಅಂದಿನ ಪ್ರಾರ್ಥನೆಯ ನಡುವೆ ಒಂದು ದೇಶಭಕ್ತಿಗೀತೆ ಹಾಡಿಸಬಹುದೇ ಎಂದು ಕೇಳುವ ಸಂಘಟಕರು ಬೆಂಗಳೂರಿನಲ್ಲೂ ಇದ್ದಾರೆ. ಧಾರಾಳವಾಗಿ ಹಾಡಿಸಬಹುದು, ಆದರೆ ನಡುವೆ ಬೇಡ.

ದೇಶಕ್ಕಾಗಿ ಬೇಡಿಕೊಳ್ಳುವ ಪ್ರಾರ್ಥನೆ ಆ ಆರಾಧನೆಯಲ್ಲಿ ಶತಮಾನಗಳಿಂದಲೇ ಇದೆ. ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದ ಯಹೂದಿಗಳು ತಾವಿರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಬೇಕೆಂದು ಪ್ರವಾದಿ ಯೆರೆಮೀಯ ಬರೆದು ಕಳಿಸಿದ್ದ (ಬೈಬಲ್, ಯೆರೆಮೀಯ 29:7). ‘ಹನೋತೇನ್ ತೆಶುವಾ’ ಎಂದು ಶುರುವಾಗುವ ಪ್ರಾರ್ಥನೆಗೆ ಅದೇ ಆಧಾರ. ಶನಿವಾರ ಬೆಳಿಗ್ಗೆ ತೋರಾ (ಮೋಶೆಯ ಐದು ಗ್ರಂಥಗಳು) ಓದು ಮುಗಿದು, ಸುರುಳಿಯನ್ನು ಪೆಟ್ಟಿಗೆಗೆ ಮರಳಿಸುವ ಮೊದಲು ಅದನ್ನು ಹೇಳುತ್ತಾರೆ. ಹಿಂದೆ ಅರಸನ ಹೆಸರಿದ್ದ ಕಡೆ ಗಣರಾಜ್ಯಗಳಲ್ಲಿ ರಾಷ್ಟ್ರಪತಿ, ಸರ್ಕಾರ ಎಂದು ಸೇರಿಸಿಕೊಳ್ಳುತ್ತಾರೆ. ಅದು ಬರೀ ಹೊಗಳಿಕೆ ಅಲ್ಲ. ಆಳುವವರ, ಅವರ ಮಂತ್ರಿಗಳ ಎದೆಯಲ್ಲಿ ಕರುಣೆ ಹುಟ್ಟಿಸು ಎಂಬ ಮೊರೆಯೂ ಅದರಲ್ಲಿದೆ. ಇದನ್ನು ಕನ್ನಡದಲ್ಲೂ ಒಮ್ಮೆ ಓದಿಸಿದರೆ ಬಂದ ಅತಿಥಿಗಳಿಗೂ ತಿಳಿಯುತ್ತದೆ.

ಆ ದಿನದ ತೋರಾ ಭಾಗವೂ ಹೇಳಿ ಮಾಡಿಸಿದಂತಿದೆ: ‘ಶೋಫ್ತೀಮ್’, ಧರ್ಮೋಪದೇಶಕಾಂಡ 16:18ರಿಂದ 21:9. ನ್ಯಾಯಾಧಿಪತಿ ಲಂಚ ಮುಟ್ಟಬಾರದು. ಅರಸ ಕುದುರೆ, ಹೆಂಡಿರು, ಬೆಳ್ಳಿ ಬಂಗಾರ ಪೇರಿಸಿಕೊಳ್ಳಬಾರದು, ಧರ್ಮಶಾಸ್ತ್ರದ ಒಂದು ಪ್ರತಿಯನ್ನು ಬರೆದಿಟ್ಟುಕೊಂಡು ಜೀವಮಾನವಿಡೀ ಓದಬೇಕು. ಸ್ವಾತಂತ್ರ್ಯೋತ್ಸವದ ಎಷ್ಟೋ ಭಾಷಣಗಳಿಗಿಂತ ಇದು ವಾಸಿ.

ಇನ್ನು ಹಾಡು. ಬೆಳಗಿನ ಸ್ತುತಿಗಳನ್ನು ಶುರುಮಾಡುವ ‘ಬಾರೂಖ್ ಶೆಆಮರ್’ನಿಂದ, ನಿಂತು ಹೇಳುವ ಮುಖ್ಯ ಪ್ರಾರ್ಥನೆ ‘ಅಮೀದಾ’ ಮುಗಿಯುವತನಕ ಹರಟೆಗೇ ಅವಕಾಶವಿಲ್ಲ, ಹಾಡು ತುರುಕುವುದಂತೂ ದೂರ. ತೋರಾ ಪೆಟ್ಟಿಗೆ ತೆರೆದಾಗ ಎಲ್ಲರೂ ಹೇಗೂ ಎದ್ದು ನಿಂತಿರುತ್ತಾರೆ. ಆಗಲೇ ರಾಷ್ಟ್ರಗೀತೆ ಎತ್ತಿಕೊಂಡರೆ ನಿಂತದ್ದು ಯಾವುದಕ್ಕೆ ಎಂಬುದೇ ಗೊತ್ತಾಗುವುದಿಲ್ಲ. ಕೊನೆಯ ಸ್ತುತಿಗೀತೆ ‘ಅದೋನ್ ಓಲಾಮ್’ ಆದ ಮೇಲೆ, ದ್ರಾಕ್ಷಾರಸದ ಮೇಲೆ ಹೇಳುವ ಆಶೀರ್ವಾದ ‘ಕಿದ್ದೂಷ್’ಗೆ ಮೊದಲು ಹಾಡಿಸುವುದೇ ಸರಿ. ಪೆಟ್ಟಿಗೆ ಮುಚ್ಚಲಿ, ಜನ ಒಮ್ಮೆ ಕೂರಲಿ, ಮತ್ತೆ ಎದ್ದು ಹಾಡಲಿ. ರಾಷ್ಟ್ರಗೀತೆಗೆ 52 ಸೆಕೆಂಡು, ನಾಡಗೀತೆಯೂ ಬೇಕೆಂದರೆ ಇನ್ನೆರಡೂವರೆ ನಿಮಿಷ. ‘ಅದೋನ್ ಓಲಾಮ್’ ಎಂಟೆಂಟು ಅಕ್ಷರದ ತುಂಡುಗಳ ಪದ್ಯವಾದ್ದರಿಂದ ಬಗೆಬಗೆಯ ಧಾಟಿಗೆ ಒಗ್ಗುತ್ತದೆ. ಹಾಗೆಂದು ಅದನ್ನು ರಾಷ್ಟ್ರಗೀತೆಯ ಧಾಟಿಗೆ ಕೂರಿಸುವ ಜಾಣತನ ಬೇಡ, ಎರಡೂ ಕೆಡುತ್ತವೆ.

ಹೆಚ್ಚಿನ ಎಡವಟ್ಟು ಆಗುವುದು ವಾದ್ಯದ ವಿಷಯದಲ್ಲಿ. ಶುಕ್ರವಾರದ ಸೂರ್ಯಾಸ್ತದಿಂದಲೇ ಸಂಪ್ರದಾಯಸ್ಥರು ವಾದ್ಯ ಮುಟ್ಟುವುದಿಲ್ಲ. ತಂತಿ ಹರಿದರೆ ರಿಪೇರಿಗೆ ಕೈ ಹೋದೀತು, ರಿಪೇರಿ ಸಬ್ಬತ್‌ನಲ್ಲಿ ನಿಷಿದ್ಧ ಕೆಲಸ ಎಂಬುದು ಯಹೂದಿ ಧರ್ಮನಿಯಮಗಳ ಚರ್ಚಾಗ್ರಂಥ ತಾಲ್ಮುದ್ ಕೊಡುವ ಕಾರಣ. ಹಾರ್ಮೋನಿಯಂ, ಕೀಬೋರ್ಡ್, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ಮೈಕು, ಮೊಬೈಲಿನ ಟ್ರ್ಯಾಕ್ ಯಾವುದೂ ಕೂಡದು, ಫೋಟೊ ಕೂಡ. ಬರಿಗಂಠದಲ್ಲೇ ಹಾಡಬೇಕು. ಶ್ರುತಿ ಬಲ್ಲ ಒಬ್ಬರು ತಗ್ಗಿನಲ್ಲೇ ಎತ್ತಿಕೊಡಲಿ, ಇಲ್ಲದಿದ್ದರೆ ಕೊನೆಯ ‘ಜಯ ಹೇ’ಗೆ ಅರ್ಧ ಜನರ ಧ್ವನಿ ಒಡೆಯುತ್ತದೆ. ಬೀದಿಯಲ್ಲಿ ವಸ್ತು ಹೊತ್ತು ತರುವುದಕ್ಕೂ ಅಂದು ನಿಷೇಧವಿರುವುದರಿಂದ ಬಾವುಟ, ಹಾಡಿನ ಹಾಳೆಗಳನ್ನು ಶುಕ್ರವಾರ ಸಂಜೆ ಆರರೊಳಗೇ ಸಭಾಂಗಣಕ್ಕೆ ಸೇರಿಸಿಡಿ.

ಅಮೆರಿಕದ ರಿಫಾರ್ಮ್ (ಸುಧಾರಣಾವಾದಿ) ಯಹೂದಿ ಪಂಥದವರಲ್ಲಿ ಆರ್ಗನ್ ಉಂಟು, ಅವರ ಹಾಡಿನ ಪುಸ್ತಕಗಳಲ್ಲಿ ದೇಶದ ಹಾಡುಗಳೂ ಉಂಟು. ಅಲ್ಲಿನ ವಿಡಿಯೊ ನೋಡಿ ಇಲ್ಲಿ ಹಾಗೇ ಮಾಡಿಸಲು ಹೊರಡಬಾರದು. ಭಾರತದ ಬೆನೆ ಇಸ್ರೇಲ್, ಕೊಚ್ಚಿ, ಬಾಗ್ದಾದಿ ಯಹೂದಿಗಳ ಪದ್ಧತಿ ಬೇರೆ. ಇಸ್ರೇಲಿನ ರಾಷ್ಟ್ರಗೀತೆ ಹಾಕಿಸಿ ಗೌರವ ತೋರಿಸಿದೆವು ಎಂದುಕೊಳ್ಳುವ ಉತ್ಸಾಹಿಗಳಿಗೂ ಒಂದು ಮಾತು: ಇವರು ಭಾರತದ ಪ್ರಜೆಗಳು.

ಬ್ಯಾಂಡು, ಮೈಕು ಇಲ್ಲದೆ ಆಗುವುದೇ ಇಲ್ಲ ಎನ್ನುವವರು ಶನಿವಾರ ಸಂಜೆ ಏಳೂವರೆಯ ನಂತರ, ಸಬ್ಬತ್ ಬೀಳ್ಕೊಡುವ ‘ಹವ್ದಾಲಾ’ ಮುಗಿದ ಮೇಲೆ ಕಾರ್ಯಕ್ರಮ ಇಟ್ಟುಕೊಳ್ಳಲಿ. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಪ್ರಾರ್ಥನೆ ನಡೆಸುವವರನ್ನು ಕೇಳಿ ಸಮಯ ಗೊತ್ತುಮಾಡುವುದು ಒಳ್ಳೆಯದು.

— ಒಬ್ಬ ಓದುಗ, ಬೆಂಗಳೂರು