ಭಾನುವಾರದ ಕೆರೆ ನಡಿಗೆ: ಜಾಗ, ಹೊತ್ತು, ಶುಲ್ಕ ಬದಲಾಗಿದೆ

ಪ್ರೀತಿಯ ಅಪ್ಪ ಅಮ್ಮಂದಿರೇ, ಅಜ್ಜ ಅಜ್ಜಿಯರೇ,

ಈ ಮಾರ್ಚ್‌ನಿಂದ ಹಕ್ಕಿ, ಇರುವೆ, ಮರ ನೋಡುವ ಪುಟಾಣಿಗಳ ನಡಿಗೆ ಮೈಸೂರಿನ ಕಾರಂಜಿ ಕೆರೆಯಲ್ಲಿ ಇರುವುದಿಲ್ಲ. ಕುಕ್ಕರಹಳ್ಳಿ ಕೆರೆಗೆ ಹೋಗುತ್ತೇವೆ. ಬೆಳಿಗ್ಗೆ 9ರ ಬದಲು 6.30ಕ್ಕೆ ಶುರು. ಗುಂಪಿಗೆ 20 ಮಕ್ಕಳ ಬದಲು 12. ಶುಲ್ಕ ಮಗುವಿಗೆ 300ರ ಬದಲು 400 ರೂಪಾಯಿ.

ಭಾನುವಾರದ ನಿದ್ದೆಯನ್ನೂ ಕೆಡಿಸುತ್ತಿದ್ದೇವೆ, ಕ್ಷಮೆ ಇರಲಿ. ಆದರೆ ಕಾರಂಜಿಯ ಗೇಟು ತೆರೆಯುವುದೇ 8.30ಕ್ಕೆ. ಮಾರ್ಚ್‌ನಲ್ಲಿ 10 ಗಂಟೆಯ ಹೊತ್ತಿಗೆ ನೆತ್ತಿ ಸುಡುತ್ತದೆ. ಹಕ್ಕಿಗಳು ನೆರಳು ಹಿಡಿಯುತ್ತವೆ, ಮಕ್ಕಳು ಐಸ್‌ಕ್ರೀಮ್ ಗಾಡಿ ಹಿಡಿಯುತ್ತಾರೆ. ಕಾರಂಜಿಯ ಪಕ್ಷಿಮನೆ ತಪ್ಪಿಹೋಯಿತು ಅಂತ ಕೆಲವರು ಅತ್ತಿದ್ದಾರಂತೆ. ಕುಕ್ಕರಹಳ್ಳಿಯಲ್ಲಿ ಹೆಜ್ಜಾರ್ಲೆ (ಪೆಲಿಕನ್) ಇದೆ ಅಂತ ಹೇಳಿ. ಅದರ ಕೊಕ್ಕಿನ ಕೆಳಗಿನ ಚೀಲ ನೋಡಿದರೆ ಅಳು ನಿಲ್ಲುತ್ತದೆ.

ಇನ್ನು ದುಡ್ಡಿನ ಮಾತು. ಈ ವಾರವಿಡೀ ಫೋನಿನಲ್ಲಿ ಕೇಳಿದ್ದು ಒಂದೇ: "ಕಾರಂಜಿ ಟಿಕೆಟ್ ದುಡ್ಡು ಉಳೀತಲ್ಲ, ಮತ್ಯಾಕೆ ಜಾಸ್ತಿ? ಕೆರೆ ಏರಿ ಮೇಲೆ ಸುಮ್ನೆ ನಡೆಸೋಕೆ 400 ರೂಪಾಯಾ?"

ಟಿಕೆಟ್ ದುಡ್ಡು ಯಾವತ್ತೂ ನಮ್ಮ ಶುಲ್ಕದಲ್ಲಿ ಸೇರಿರಲಿಲ್ಲ. ಗೇಟಿನಲ್ಲಿ ನೀವೇ ಕೊಡುತ್ತಿದ್ದಿರಿ. ಅದು ಉಳಿದರೆ ನಿಮಗೇ ಉಳಿಯಿತು, ನಮಗಲ್ಲ. ಲೆಕ್ಕ ನೀವೇ ಹಾಕಿ. ಮೊದಲು 20 ಮಕ್ಕಳಿಂದ 6,000 ಬರುತ್ತಿತ್ತು. ಈಗ 12 ಮಕ್ಕಳಿಂದ 4,800. ಅದರಲ್ಲಿ ಜೊತೆಗಿರುವ ಮೂವರಿಗೆ ತಲಾ 1,000 ಕೊಡುತ್ತೇವೆ. ಮೂವರು ಯಾಕೆ ಅಂತಲೂ ಕೇಳುತ್ತಾರೆ. ಪಕ್ಕದಲ್ಲೇ ನೀರು, ನಾಲ್ಕೈದು ವರ್ಷದ ಮಕ್ಕಳು. ಮುಂದೆ ಒಬ್ಬರು, ಹಿಂದೆ ಒಬ್ಬರು ಬೇಕೇ ಬೇಕು. ಇನ್ನೊಬ್ಬರು, ನಡು ದಾರಿಯಲ್ಲಿ ಒಂದಕ್ಕೆ ಅರ್ಜೆಂಟಾಗುವವರಿಗೆ! ಉಳಿದದ್ದರಲ್ಲಿ ಆಟೋ, ಮಜ್ಜಿಗೆ, ಪ್ರಥಮ ಚಿಕಿತ್ಸೆಯ ಡಬ್ಬಿ, ಪ್ರತಿ ತಿಂಗಳೂ ಮಾಯವಾಗುವ ಭೂತಕನ್ನಡಿಗಳು. "ಬಿಸಿನೆಸ್ ಮಾಡ್ಕೊಂಡಿದ್ದಾರೆ" ಅಂದವರು ಒಂದು ಭಾನುವಾರ ನಮ್ಮ ಜೊತೆ ಬನ್ನಿ, ಚೀಲ ಹೊರಲು ಆಳು ಬೇಕಾಗಿದೆ.

ಹಾಗಾದರೆ 20 ಮಕ್ಕಳನ್ನೇ ಇಟ್ಟುಕೊಳ್ಳಬಹುದಿತ್ತಲ್ಲ? ಇಟ್ಟುಕೊಂಡರೆ ನಮಗೇ ಲಾಭ. ಆದರೆ ಕೆಂಪಿರುವೆಗಳು ಎಲೆ ಹೊಲಿಯುವುದನ್ನು 20 ಮಕ್ಕಳಿಗೆ ಒಟ್ಟಿಗೆ ತೋರಿಸಲು ಆಗುವುದಿಲ್ಲ. ಕೆಲವು ಇರುವೆಗಳು ಎರಡು ಎಲೆಗಳನ್ನು ಎಳೆದು ಹಿಡಿಯುತ್ತವೆ. ಉಳಿದವು ಗೂಡಿನ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಬಂದು, ಅವು ಬಿಡುವ ನೂಲಿನಿಂದ ಎಲೆ ಅಂಟಿಸುತ್ತವೆ. ಇದನ್ನು ಉಸಿರು ಬಿಗಿಹಿಡಿದು ಹತ್ತಿರದಿಂದ ನೋಡಬೇಕು. ದೊಡ್ಡ ಗುಂಪಿನಲ್ಲಿ ಹಿಂದೆ ನಿಂತ ಮಗುವಿಗೆ ಮುಂದಿನವರ ಅಂಗಿ ಬಿಟ್ಟು ಬೇರೇನೂ ಕಾಣುವುದಿಲ್ಲ.

ಈಗ ಅರಳಿ ಮರದಲ್ಲಿ ತಾಮ್ರದ ಬಣ್ಣದ ಚಿಗುರು. ಮುಂದೆ ಬಂದಾಗ ಅದೇ ಕೊಂಬೆ ಹಸಿರಾಗಿರುತ್ತದೆ, ಅದಕ್ಕೇ ಬಣ್ಣದ ಪೆನ್ಸಿಲ್ ತರಲು ಹೇಳುವುದು. ಹೊಂಗೆ ಹೂ ಉದುರಲು ಶುರುವಾದರೆ ಆ ದಿನ ಪಾಠವೆಲ್ಲ ನೆಲದ ಮೇಲೆಯೇ. ವರ್ಕ್‌ಶೀಟ್ ಮಾತ್ರ ಕೇಳಬೇಡಿ. ಅದನ್ನು ಶಾಲೆಯವರು ಸಾಕಷ್ಟು ಕೊಡುತ್ತಾರೆ.

ಮೊದಲೇ ದುಡ್ಡು ಕಟ್ಟಿದವರು ಹೊಸದಾಗಿ ಏನೂ ಕೊಡಬೇಕಿಲ್ಲ. ಅಣ್ಣ ತಮ್ಮ, ಅಕ್ಕ ತಂಗಿ ಒಟ್ಟಿಗೆ ಬಂದರೆ ಎರಡನೆಯವರಿಗೆ ಅರ್ಧ ಶುಲ್ಕ. 400 ಕಷ್ಟ ಅನ್ನಿಸಿದರೆ ದಯವಿಟ್ಟು ಫೋನ್ ಮಾಡಿ, ಗುಂಪಿನಲ್ಲಿ ಬರೆಯಬೇಡಿ. ದುಡ್ಡಿನ ಕಾರಣಕ್ಕೆ ನಮ್ಮ ಯಾವ ಮಗುವೂ ಮನೆಯಲ್ಲಿ ಕೂರಬಾರದು. ಹೊಂದಿಸೋಣ.

ನಿದ್ದೆಗಣ್ಣಲ್ಲೇ ಎತ್ತಿಕೊಂಡು ಬಂದರೂ ಪರವಾಗಿಲ್ಲ. ಹಲ್ಲು ಉಜ್ಜಿಸಿ, ಟೋಪಿ ಹಾಕಿ, ಹೊಸ ಚಪ್ಪಲಿ ಬೇಡ. ಗೇಟಿನ ಹತ್ತಿರ 6.20ಕ್ಕೇ ನಾವಿರುತ್ತೇವೆ.

ಇಂತಿ,
ನಿಮ್ಮ ಭಾನುವಾರದ ತಂಡ, ಮೈಸೂರು