ಎಎನ್‌ಎ ಪಾಸಿಟಿವ್ ಬಂದ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ರಿಪೋರ್ಟ್ ನೋಡಿದೆ. ಎಎನ್‌ಎ ಪಾಸಿಟಿವ್, 1:80 ಅಂತಿದೆ. ಅಷ್ಟಕ್ಕೇ ಲೂಪಸ್, ಅಂದರೆ ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ, ಬಂತು ಅಂದುಕೊಳ್ಳಬೇಡ. ನಮ್ಮದೇ ಜೀವಕೋಶಗಳ ನ್ಯೂಕ್ಲಿಯಸ್ ವಿರುದ್ಧ ಹುಟ್ಟಿದ ಪ್ರತಿಕಾಯಗಳನ್ನು ಈ ಪರೀಕ್ಷೆ ಹುಡುಕುತ್ತದೆ. ಸೀರಮ್ಮನ್ನು 80 ಪಟ್ಟು ತೆಳುವಾಗಿಸಿದರೂ ಅವು ಕಂಡವು ಅನ್ನುವುದು ಆ ಅಂಕಿಯ ಅರ್ಥ. ಆರೋಗ್ಯವಾಗಿರುವವರಲ್ಲೂ ನೂರಕ್ಕೆ ಸುಮಾರು 13 ಮಂದಿಗೆ ಈ ಮಟ್ಟದಲ್ಲಿ ಪಾಸಿಟಿವ್ ಬರುತ್ತದೆ. 1:160ರಲ್ಲಿ ಸುಮಾರು 5 ಮಂದಿಗೆ. ಲೂಪಸ್ ಇರುವವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಬರುವುದರಿಂದ, ನೆಗೆಟಿವ್ ಬಂದಾಗಲೇ ಈ ಪರೀಕ್ಷೆಯಿಂದ ಹೆಚ್ಚು ಉಪಯೋಗ. ಪಾಸಿಟಿವ್ ಬಂದರೆ ‘ಯಾವ ಅಂಗಕ್ಕೆ ಏನಾಗಿದೆ?’ ಅಂತ ಮುಂದೆ ಹುಡುಕಬೇಕು, ಅಷ್ಟೆ.

ಇಂಥ ಪ್ರತಿಕಾಯಗಳು ಹುಟ್ಟುವುದಾದರೂ ಹೇಗೆ? ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣ) ಬಲಿಯುವಾಗ, ಸ್ವಂತ ದೇಹದ ಪ್ರೋಟೀನ್‌ಗಳಿಗೆ ಗಟ್ಟಿಯಾಗಿ ಅಂಟುವಂಥವು ಅಲ್ಲೇ ಸಾಯುತ್ತವೆ. ಒಂದಿಷ್ಟು ತಪ್ಪಿಸಿಕೊಂಡು ಹೊರಗೆ ಬರುತ್ತವೆ, ನಿನ್ನಲ್ಲಿ ಮಾತ್ರವಲ್ಲ, ಎಲ್ಲರಲ್ಲೂ. ಅವುಗಳನ್ನು ಹದ್ದುಬಸ್ತಿನಲ್ಲಿಡುವುದು ನಿಯಂತ್ರಕ ಟಿ ಕೋಶಗಳು. 2025ರ ವೈದ್ಯಕೀಯ ನೊಬೆಲ್ ಸಿಕ್ಕಿದ್ದು ಈ ಕಾವಲನ್ನು ಬಿಡಿಸಿ ತೋರಿಸಿದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೋನ್ ಸಕಾಗುಚಿ ಅವರಿಗೆ. ಕಾವಲು ಸಡಿಲವಾದಾಗ ತಪ್ಪಿಸಿಕೊಂಡ ಕೋಶಗಳು ಪ್ರತಿಕಾಯ ತಯಾರಿಸುವ ಬಿ ಕೋಶಗಳನ್ನೂ ಕೆರಳಿಸುತ್ತವೆ, ಪ್ರತಿಕಾಯಗಳು ಸುರಿಯತೊಡಗುತ್ತವೆ. ಇದಕ್ಕೆ ವಂಶವಾಹಿಯೊಂದೇ ಕಾರಣವಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಲೂಪಸ್ ಬಂದರೂ ಇನ್ನೊಬ್ಬರಿಗೆ ಬಾರದಿರುವುದೇ ಹೆಚ್ಚು.

ಅಂದಹಾಗೆ, ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಪುಡಿಗಳನ್ನು ಯಾರಾದರೂ ಕೊಟ್ಟರೆ ಪಕ್ಕಕ್ಕಿಡು. ಇಲ್ಲಿ ಕಾಟ ಕೊಡುತ್ತಿರುವುದೇ ಆ ಶಕ್ತಿ.

ಹಾನಿಯ ರೀತಿ ಇಂಥ ಒಂದೊಂದು ಕಾಯಿಲೆಯಲ್ಲಿ ಒಂದೊಂದು ತರಹ. ಹಶಿಮೊಟೊದಲ್ಲಿ ಥೈರಾಯ್ಡ್ ಗ್ರಂಥಿ ನಿಧಾನವಾಗಿ ಸವೆಯುತ್ತದೆ. ಗ್ರೇವ್ಸ್‌ನಲ್ಲಿ ಪ್ರತಿಕಾಯ ಅದೇ ಗ್ರಂಥಿಯನ್ನು ನಾಶಮಾಡದೆ, ಬಿಡುವಿಲ್ಲದೆ ಹಾರ್ಮೋನ್ ಸುರಿಸುವಂತೆ ಕುಟುಕುತ್ತದೆ. ನೀನು ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ 2 ದಿನ ಮುಂಚೆ ನಿಲ್ಲಿಸು. ಇಲ್ಲದಿದ್ದರೆ ಕೆಲವು ಲ್ಯಾಬ್ ವಿಧಾನಗಳಲ್ಲಿ ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ಕಡಿಮೆ, ಟಿ4 (ಥೈರಾಯ್ಡ್‌ನದೇ ಹಾರ್ಮೋನ್) ಹೆಚ್ಚು ಅಂತ ಬಂದು, ಇಲ್ಲದ ಗ್ರೇವ್ಸ್ ಇದ್ದಂತೆ ಕಾಣುತ್ತದೆ.

ಬೆರಳು ನೋವು ಅಂದೆಯಲ್ಲ, ಅದನ್ನು ಗಮನವಿಟ್ಟು ನೋಡು. ಬೆಳಿಗ್ಗೆ ಎದ್ದಾಗ ಕೀಲುಗಳ ಬಿಗಿತ ಎಷ್ಟು ಹೊತ್ತು ಇರುತ್ತದೆ? ಅರ್ಧ ಗಂಟೆ ಮೀರಿದರೆ, ಆಡಿಸಿದಷ್ಟೂ ಸಡಿಲವಾದರೆ, ಬೆರಳ ಬುಡದ ಗೆಣ್ಣುಗಳು ಊದಿದ್ದರೆ ರುಮಟಾಯ್ಡ್ ಸಂಧಿವಾತದ ಅನುಮಾನ ಬರುತ್ತದೆ. ಆಗ ಆರ್‌ಎ ಫ್ಯಾಕ್ಟರ್ ಎಂಬ ಪ್ರತಿಕಾಯದ ಪರೀಕ್ಷೆ ಒಂದನ್ನೇ ನಂಬಬಾರದು, ಹೆಪಟೈಟಿಸ್ ಸಿ ಇದ್ದರೂ ಅದು ಏರುತ್ತದೆ. ಜೊತೆಗೆ ಆಂಟಿ ಸಿಸಿಪಿ ಎಂಬ ಇನ್ನೊಂದು ಪ್ರತಿಕಾಯದ ಪರೀಕ್ಷೆಯೂ ಬೇಕು. ದಿನವಿಡೀ ದುಡಿದ ಮೇಲೆ ಸಂಜೆ ಹೆಚ್ಚಾಗುವ ನೋವಿಗೆ ಸಾಮಾನ್ಯವಾಗಿ ಬೇರೆ ಕಾರಣವಿರುತ್ತದೆ.

ಒಂದು ವೇಳೆ ಔಷಧಿ ಶುರುವಾದರೆ ನನಗೆ ಹೆಚ್ಚು ಭಯ ಮೆಥೊಟ್ರೆಕ್ಸೇಟ್‌ನದು. ರೋಗನಿರೋಧಕ ಶಕ್ತಿಯ ಕಾಟ ತಗ್ಗಿಸುವ ಅದು ಒಳ್ಳೆಯ ಔಷಧಿಯೇ, ಆದರೆ ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಅಸ್ಥಿಮಜ್ಜೆ ರಕ್ತಕಣ ತಯಾರಿಸುವುದನ್ನೇ ನಿಲ್ಲಿಸಬಹುದು, ಪ್ರಾಣಕ್ಕೂ ಕುತ್ತು. ಚೀಟಿಯ ಮೇಲೆ ವಾರದ ಹೆಸರನ್ನೇ ಬರೆಸಿಕೋ. ಫೋಲಿಕ್ ಆಸಿಡ್ ಜೊತೆಗಿರುತ್ತದೆ. ರಕ್ತಕಣ ಮತ್ತು ಲಿವರ್ ಪರೀಕ್ಷೆ ತಪ್ಪಿಸಬಾರದು. ಗರ್ಭಕ್ಕೆ ಹಾನಿಯಾದ್ದರಿಂದ ಮಗುವಿನ ಯೋಚನೆ ಇದ್ದರೆ ಮೊದಲೇ ಹೇಳು. ಇನ್ನು ಸ್ಟೀರಾಯ್ಡ್. ಸುಮಾರು 3 ವಾರಕ್ಕಿಂತ ಹೆಚ್ಚು ತೆಗೆದುಕೊಂಡರೆ ನಮ್ಮ ಅಡ್ರಿನಲ್ ಗ್ರಂಥಿ ಸ್ವಂತ ಕಾರ್ಟಿಸಾಲ್ ತಯಾರಿಸುವುದನ್ನು ತಗ್ಗಿಸಿರುತ್ತದೆ. ಆಗ ಥಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಬೀಳಬಹುದು, ಹಂತಹಂತವಾಗಿಯೇ ಇಳಿಸಬೇಕು. ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೊಕ್ವಿನ್ ದೇಹದ ತೂಕದ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಮೀರದಿದ್ದರೆ ಸೌಮ್ಯ. ಶುರುವಿನಲ್ಲೊಮ್ಮೆ, ಮತ್ತೆ 5 ವರ್ಷದ ನಂತರ ಪ್ರತಿ ವರ್ಷ ರೆಟಿನಾ ತೋರಿಸಬೇಕು.

ಎಎನ್‌ಎಯನ್ನು ಮತ್ತೆ ಮತ್ತೆ ಮಾಡಿಸುವುದು ದುಡ್ಡು ದಂಡ. ಇಂಥ ಕಾಯಿಲೆಗಳ ತಜ್ಞರಾದ ರುಮಟಾಲಜಿಸ್ಟ್ ಹತ್ತಿರ ಹೋದಾಗ ಲಕ್ಷಣಗಳನ್ನು ನೋಡಿ ಡಿಎಸ್ ಡಿಎನ್‌ಎ ಪ್ರತಿಕಾಯ, ಸಿ3, ಸಿ4 ಎಂಬ ರಕ್ತದ ಪ್ರೋಟೀನ್‌ಗಳ ಪರೀಕ್ಷೆ ಬೇಕೋ ಬೇಡವೋ ಅವರೇ ಹೇಳುತ್ತಾರೆ. ಬಿಸಿಲಿಗೆ ಕೆನ್ನೆ ಕೆಂಪಾಗಿದ್ದರೆ, ಬಾಯಲ್ಲಿ ನೋವಿಲ್ಲದ ಹುಣ್ಣಾಗಿದ್ದರೆ ಫೋಟೊ ತೆಗೆದಿಡು. ವೈದ್ಯರ ಮುಂದೆ ಕೂತ ದಿನ ಅವು ಇರುವುದಿಲ್ಲ.

ಮೂತ್ರ ಪರೀಕ್ಷೆಗೆ ಮಾತ್ರ ಅಲ್ಲಿಯವರೆಗೆ ಕಾಯಬೇಡ. ಲೂಪಸ್‌ನಲ್ಲಿ ಪ್ರತಿಕಾಯಗಳ ಗುಂಪುಗಳು ಕಿಡ್ನಿಯ ಸೋಸುವ ಜಾಲರಿಗಳಲ್ಲಿ ಸಿಕ್ಕಿಕೊಂಡು ಪ್ರೋಟೀನ್ ಸೋರುತ್ತದೆ, ನೋವೇ ಇರುವುದಿಲ್ಲ. ಮೂತ್ರದ ಪ್ರೋಟೀನ್, ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್, ಬಿಪಿ ಈ ಮೂರನ್ನು ಈ ವಾರವೇ ನೋಡಿಸು, ಅಂಕಿಗಳನ್ನು ನನಗೆ ಕಳಿಸು.

ನಿನ್ನ
ಅಮ್ಮ